ನಿಲ್ಲುವವರ ಸಾಲಿನಲ್ಲಿ ಬೆತ್ತದಕ್ಕ

ಊರಿನ ಅರ್ಧ ಜನ ಕೂರುವುದು ಬೆತ್ತದಕ್ಕನ ಕೈಕೆಲಸದ ಮೇಲೆ ಎಂದರೆ ತೀರಾ ಸುಳ್ಳಾಗಲಿಕ್ಕಿಲ್ಲ. ಕೋರ್ಟಿನ ಗುಮಾಸ್ತರಿಂದ ಹಿಡಿದು ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೆನ್ನೆ ಹಿಡಿದು ಕಾಯುವವರವರೆಗೆ ಹರಿದ ಕುರ್ಚಿ ಯಾರದೇ ಇರಲಿ, ಅದು ರೈಲ್ವೆ ಗೋದಾಮಿನ ಹಿಂದಿರುವ ಅವಳ ಒಂಟಿಕೋಣೆಗೆ ಬರಬೇಕು, ಅವಳ ಮೊಣಕಾಲುಗಳ ನಡುವೆ ಸಿಕ್ಕಿಕೊಳ್ಳಬೇಕು, ಹೊಸ ಬೆತ್ತ ಹೆಣೆಸಿಕೊಂಡು ಹೋಗಬೇಕು. ಬಾಗಿಲ ಪಕ್ಕದ ತೊಟ್ಟಿಯಲ್ಲಿ ಬೆತ್ತದ ಸೀಳುಗಳು ನೆನೆಯುತ್ತಿರುತ್ತವೆ. ಒಂದೊಂದೇ ಸೀಳನ್ನು ಎಳೆದು ನೀರು ಸವರಿ, ಚೌಕಟ್ಟಿನ ತೂತಿನಲ್ಲಿ ತೂರಿಸಿ, ಜಾರದಂತೆ ಪುಟ್ಟ ಗೂಟ ಬಡಿಯುತ್ತಾಳೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಓರೆ. ಎಲ್ಲವೂ ಬೆರಳ ತುದಿಯಲ್ಲೇ ನಡೆಯಬೇಕು, ಯಾಕೆಂದರೆ ಅವಳಿಗೆ ಕಣ್ಣಿಲ್ಲ.

ಹುಟ್ಟುವಾಗ ಇತ್ತಂತೆ. ನಡೆಯಲು ಕಲಿಯುವ ಮೊದಲೇ ಒಂದು ಜ್ವರ ಬಂದು ಕೊಂಡೊಯ್ದಿತು. ಕಂಡದ್ದೇ ನೆನಪಿಲ್ಲ ಅಂದಮೇಲೆ ಕಳಕೊಂಡ ದುಃಖ ಎಲ್ಲಿಂದ ತರಲಿ ಎಂದು ಅವಳೇ ಕೇಳುತ್ತಾಳೆ. ಅಯ್ಯೋ ಪಾಪ ಎಂದು ಲೊಚಗುಟ್ಟುತ್ತಾ ಒಳಗೆ ಬಂದವರ ಕೈಗೆ ತೊಟ್ಟಿಯಿಂದ ಒಂದು ಒದ್ದೆ ಕಟ್ಟು ಎತ್ತಿ ಕೊಟ್ಟು, "ಸ್ವಲ್ಪ ಹಿಡ್ಕೊಳ್ಳಿ" ಎಂದು ಕೆಲಸಕ್ಕೆ ಹಚ್ಚಿಬಿಡುತ್ತಾಳೆ. ಅವರ ಅನುಕಂಪ ಅರ್ಧ ಗಂಟೆಯಲ್ಲಿ ಸೊಂಟನೋವಾಗಿ ಹೊರಗೆ ಹೋಗುತ್ತದೆ.

ಸ್ಟೇಡಿಯಮ್ಮಿನ ಸುದ್ದಿ ತಂದವನು ಕಟಿಂಗ್ ಶಾಪಿನವನು. ಅಂಗಡಿಯಲ್ಲಿ ಗಿರಾಕಿಗಳು ಕಾಯುವ ಬೆಂಚನ್ನು ಹೆಣೆಸಲು ತಂದಿದ್ದ. ಅವನ ಬಾಯಿ ಅವನ ಕತ್ತರಿಗಿಂತ ಜೋರು.

"ಕೇಳಿದ್ರಾ ಅಕ್ಕ? ಗೋಲಿನ ಹಿಂದಿನ ಗ್ಯಾಲರೀಲಿ ಕುರ್ಚಿ ಎಲ್ಲ ಕಿತ್ತು ಸಾಲುಸಾಲಾಗಿ ಕಂಬಿ ಹಾಕ್ತಿದಾರೆ. ಇನ್ಮೇಲೆ ನಿಂತು ನೋಡೋರು ಅಲ್ಲಿ, ಕೂತು ನೋಡೋರು ಮಿಕ್ಕ ಕಡೆ. ಅವರವರ ಇಷ್ಟ. ನಾನಂತೂ ಕೂರೋನೇ. ವಾರವೆಲ್ಲ ನಿಂತು ನಿಂತು ಕಾಲು ಕಂಬ ಆಗಿದೆ."

"ನಾನು ನಿಂತ್ಕೋತೀನಿ" ಎಂದಳು ಬೆತ್ತದಕ್ಕ.

ಕಟಿಂಗ್ ಶಾಪಿನವನು ನಕ್ಕ. ಊರಿಗೆಲ್ಲ ಕುರ್ಚಿ ಹೆಣೆಯುವವಳು ನಿಲ್ಲುತ್ತೇನೆ ಎನ್ನುತ್ತಾಳಲ್ಲ ಎಂದು ನಕ್ಕ. ನಿಮಗೆ ಕೂತರೂ ಒಂದೇ ನಿಂತರೂ ಒಂದೇ ಅಲ್ಲವೇ ಎಂದು ಹೇಳಲು ಬಾಯಿ ತೆರೆದವನಿಗೆ ಫಿಟ್ಟರಣ್ಣನ ನೆನಪಾಯಿತು. ಆ ಗ್ಯಾಲರಿ ಯಾವುದು, ಅಲ್ಲಿ ಏನಾಗಿತ್ತು ಎನ್ನುವುದು ನೆನಪಾಯಿತು. ಬೆಂಚನ್ನು ಇಳಿಸಿ, ನಾಳೆ ಬರುತ್ತೇನೆ ಎಂದು ಸದ್ದಿಲ್ಲದೆ ಹೋದ.

ಫಿಟ್ಟರಣ್ಣ ಅವಳ ಗಂಡ. ಬಸ್ ಡಿಪೋದಲ್ಲಿ ಕೆಲಸ. ಡಿಪೋ ಮ್ಯಾನೇಜರ ಕುರ್ಚಿ ಹೊತ್ತು ತಂದವನು, ಆಗಿದೆಯಾ ಆಗಿದೆಯಾ ಎಂದು ಕೇಳಲು ದಿನಾ ಬರತೊಡಗಿದ. ಕುರ್ಚಿ ಆದಮೇಲೂ ಬರುವುದನ್ನು ನಿಲ್ಲಿಸಲಿಲ್ಲ. ಅಕ್ಕಪಕ್ಕದವರು ಕಣ್ಣುಮಿಟುಕಿಸುತ್ತಿದ್ದರು, ಅವಳಿಗೆ ಮಾತ್ರ ಅದು ಕಾಣದು ಎಂಬ ಧೈರ್ಯ. ಅವಳಿಗೆ ಎಲ್ಲ ಗೊತ್ತಿತ್ತು. ಅವನು ಬರುವ ಮೊದಲು ಗ್ರೀಸಿನ ವಾಸನೆ ಬರುತ್ತಿತ್ತು, ಆಮೇಲಾಮೇಲೆ ಗ್ರೀಸಿನ ಮೇಲೆ ಸೋಪಿನ ವಾಸನೆಯೂ ಸೇರಿತು. ಸೋಪು ಹಾಕಿ ಕೈ ತೊಳೆದು ಕುರ್ಚಿ ವಿಚಾರಿಸಲು ಯಾವ ಗಂಡಸು ಬರುತ್ತಾನೆ?

ಮದುವೆಯಾದ ಹೊಸತರಲ್ಲೇ ಅವಳನ್ನು ಫುಟ್‌ಬಾಲಿಗೆ ಕರೆದೊಯ್ದ. ಕುರುಡು ಹೆಂಡತಿಗೆ ಆಟ ತೋರಿಸಲು ಹೊರಟ ಎಂದು ಡಿಪೋದವರು ತಲೆ ಚಚ್ಚಿಕೊಂಡರು. ಅವನು ಅವಳಿಗೆ ಆಟ ಹೇಳಲೂ ಇಲ್ಲ, ಮಾತು ಅವನಿಗೆ ಬರುತ್ತಿದ್ದುದೇ ಅಷ್ಟಕ್ಕಷ್ಟೆ. ಗೋಲಿನ ಹಿಂದೆ ಬರೀ ಮೆಟ್ಟಿಲುಗಳು. ಕುರ್ಚಿ ಇರಲಿಲ್ಲ, ಜನ ಒತ್ತೊತ್ತಾಗಿ ನಿಲ್ಲುತ್ತಿದ್ದರು. ಅವನು ಒಂದು ಮೆಟ್ಟಿಲು ಕೆಳಗೆ, ಅವಳು ಒಂದು ಮೆಟ್ಟಿಲು ಮೇಲೆ, ಅವಳ ಎರಡೂ ಕೈ ಅವನ ಹೆಗಲ ಮೇಲೆ. ಹಾಗೆ ನಿಲ್ಲಿಸಿದ, ಅಷ್ಟೆ.

ಆಟವನ್ನು ಅವಳು ಜನರ ಮೈಯಿಂದ ಕಲಿತಳು. ಚೆಂಡು ಎಡಕ್ಕೆ ಹೋದರೆ ಇಡೀ ಗುಂಪಿನ ಭುಜ ಎಡಕ್ಕೆ ತಿರುಗುತ್ತಿತ್ತು. ಯಾವಾಗಲೂ ಬಲಗಡೆ ನಿಲ್ಲುತ್ತಿದ್ದ ಬೇಕರಿಯವನ ಮೊಣಕೈ ಬಂದು ಅವಳ ಪಕ್ಕೆಗೆ ತಾಗುತ್ತಿತ್ತು. ಎದುರಾಳಿ ಗೋಲಿಗೆ ನಮ್ಮವರು ನುಗ್ಗುತ್ತಿದ್ದಾರೆ ಎಂದರೆ ಹಿಂದಿನವರು ತುದಿಗಾಲಿನಲ್ಲಿ ಏಳುತ್ತಿದ್ದರು, ಅವರ ಭಾರ ಬೆನ್ನಿಗೆ ಇಳಿಯುತ್ತಿತ್ತು, ಎಲ್ಲರ ಉಸಿರು ಒಟ್ಟಿಗೆ ನಿಲ್ಲುತ್ತಿತ್ತು. ಚೆಂಡು ಕಂಬದ ಹೊರಗೆ ಹೋದರೆ ಆ ಭಾರ ಹಾಗೇ ಹಿಂದಕ್ಕೆ ಸರಿಯುತ್ತಿತ್ತು. ಗೋಲಾದರೆ ಕಾಲು ನೆಲದ ಮೇಲೇ ಇರುತ್ತಿರಲಿಲ್ಲ. ಮೈಯೆಲ್ಲ ಕಣ್ಣಾಗಿ ಎನ್ನುತ್ತೇವಲ್ಲ, ನಮಗೆ ಅದೊಂದು ಮಾತು, ಅವಳಿಗೆ ಆ ಮೆಟ್ಟಿಲ ಮೇಲೆ ಅದು ನಿಜವಾಗಿತ್ತು. ಹೊರಗೆ ರಸ್ತೆಯಲ್ಲಿ ಯಾರಾದರೂ ಮೈಗೆ ತಾಗಿದರೆ "ಸಾರಿ, ಕಾಣಲಿಲ್ಲ" ಎಂದು ದೂರ ಸರಿಯುತ್ತಿದ್ದರು. ಅಲ್ಲಿ ಯಾರೂ ಸರಿಯುತ್ತಿರಲಿಲ್ಲ. ಅಲ್ಲಿ ಅವಳು ಎಲ್ಲರ ಹಾಗೆ ಒಬ್ಬಳು.

ಖುಷಿ ಏರಿದಾಗ ಅವಳು ಗಂಡನ ಹೆಗಲು ಹಿಡಿದು ಮುಂದಕ್ಕೆ ನೂಕುವಳು. ಅವನು ತಿರುಗದೆಯೇ, "ತಳ್ಬೇಡ್ವೇ, ಮೈದಾನಕ್ಕೇ ಇಳಿದುಬಿಡ್ತೀನಿ" ಎನ್ನುವನು. ಪ್ರತಿ ಆಟದಲ್ಲೂ ಅದೊಂದು ಮಾತು ಇದ್ದೇ ಇರುತ್ತಿತ್ತು. ಆ ಮಾತು ಬಂದರೆ ಅವಳು ಇನ್ನೂ ಒಂದು ಸಲ ನೂಕುವಳು. ಮಾತು ಬಾರದ ಗಂಡನಿಂದ ಮಾತು ಹೊರಡಿಸುವ ಉಪಾಯ ಅದು.

ಆ ದಿನ ಗೇಟು ತೆಗೆಯುವುದು ತಡವಾಯಿತು, ಅರ್ಧ ಜನ ಒಳಗೆ ಬಂದಮೇಲೆ ಮತ್ತೆ ಬೀಗ ಬಿತ್ತು. ಹೊರಗೆ ಉಳಿದ ಜನಕ್ಕೆ ಆಟ ಶುರುವಾದ ಗದ್ದಲ ಕೇಳಿಸಿತು. ಆಮೇಲೆ ಯಾರೋ ಬೀಗ ತೆಗೆದರು, ಎಲ್ಲರೂ ಒಂದೇ ಬಾಗಿಲಿಂದ ಗೋಲಿನ ಹಿಂದಿನ ಮೆಟ್ಟಿಲಿಗೆ ನುಗ್ಗಿದರು. ಒಳಗೆ ಆಗಲೇ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಹಿಂದಿನಿಂದ ಭಾರ ಬಂತು. ಬೆತ್ತದಕ್ಕನ ಬೆನ್ನಿಗೆ ಬಂತು, ಎಲ್ಲರ ಉಸಿರು ನಿಂತಿತು. ಅವಳ ಮೈ ಇಷ್ಟು ವರ್ಷ ಕಲಿತದ್ದನ್ನೇ ಹೇಳಿತು: ನಮ್ಮವರು ಗೋಲಿನ ಬಾಯಿಗೆ ಬಂದಿದ್ದಾರೆ. ಅವಳು ಕೂಗಿದಳು. "ಹೊಡೀರೋ!" ಎಂದು ಕೂಗಿದಳು. ಗಂಡನ ಹೆಗಲು ಹಿಡಿದು ನೂಕಿದಳು.

"ತಳ್ಬೇಡ್ವೇ" ಎಂದ ಅವನು.

ಅವಳು ನಕ್ಕಳು, ಇನ್ನೊಂದು ಸಲ ನೂಕಿದಳು. ಭಾರ ಹಿಂದಕ್ಕೆ ಸರಿಯಲೇ ಇಲ್ಲ. ಇಷ್ಟು ಹೊತ್ತು ಗೋಲಿನ ಮುಂದೆ ಏನು ಮಾಡುತ್ತಿದ್ದಾರೆ ಎಂದು ಅವಳಿಗೆ ಅನಿಸಿದ್ದು ನೆನಪಿದೆ. ಆಮೇಲೆ ಅವಳ ಪಕ್ಕೆಯಲ್ಲಿ ಏನೋ ಮುರಿಯಿತು. ಮುಂದೆ ತಡೆಗಂಬಿಯೂ ಮುರಿಯಿತು. ಎಚ್ಚರವಾದಾಗ ಆಸ್ಪತ್ರೆಯ ಮದ್ದಿನ ವಾಸನೆ. ಗ್ರೀಸಿನ ವಾಸನೆ ಇರಲಿಲ್ಲ. ಗಂಡನ ಜೊತೆ ಇನ್ನೂ ಹಲವರು ಸತ್ತಿದ್ದರು, ಬಲಗಡೆಯ ಬೇಕರಿಯವನೂ ಅವರಲ್ಲಿ ಒಬ್ಬ.

ವಿಚಾರಣೆ ನಡೆಯಿತು. ಗೇಟಿನ ಬೀಗ, ಒಂದೇ ಬಾಗಿಲು, ತುಕ್ಕು ಹಿಡಿದ ತಡೆಗಂಬಿ ಎಲ್ಲವೂ ಮಾತಿಗೆ ಬಂದವು, ಬಂದಷ್ಟೇ ಬೇಗ ಹೋದವು. ಕಡೆಗೆ ತಪ್ಪು ನಿಂತವರ ಕಾಲಿಗೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಮೆಟ್ಟಿಲುಗಳ ಮೇಲೆಲ್ಲ ಪ್ಲಾಸ್ಟಿಕ್ ಕುರ್ಚಿ ಜಡಿದರು, ಎದ್ದು ನಿಂತವರನ್ನು ಹೊರಗೆ ಹಾಕಿದರು. ಕುರ್ಚಿ ಹಾಕಿದ ಮಾತ್ರಕ್ಕೆ ಜನ ಕೂರುತ್ತಾರೆ ಎಂದು ನಂಬಿದವರು ಜನ್ಮದಲ್ಲಿ ಒಂದು ಆಟವನ್ನೂ ನೆಟ್ಟಗೆ ನೋಡಿದವರಲ್ಲ. ಚೆಂಡು ಗೋಲಿನ ಹತ್ತಿರ ಬಂದಾಗಲೆಲ್ಲ ಮುಂದಿನವನು ಏಳುತ್ತಿದ್ದ, ಅವನ ಹಿಂದಿನವನೂ ಏಳಲೇಬೇಕು. ಕೂರಲೇಬೇಕಾದ ಮುದುಕರಿಗೆ ಬೆನ್ನುಗಳು ಕಂಡವು, ನಿಲ್ಲಬೇಕೆಂದವರಿಗೆ ಮೊಣಕಾಲಿಗೆ ಕುರ್ಚಿಯ ಅಂಚು ಬಡಿಯಿತು. ಇಬ್ಬರಿಗೂ ನೆಮ್ಮದಿ ಇಲ್ಲದ ಹಾಗೆ ಮಾಡಿ, ಅದಕ್ಕೆ ಸುರಕ್ಷತೆ ಎಂದು ಹೆಸರಿಟ್ಟರು.

ಸತ್ತವರ ಮನೆಯವರಿಗೆಂದು ಒಂದು ಆಟಕ್ಕೆ ಒಳ್ಳೆಯ ಜಾಗದ ಕುರ್ಚಿ ಕೊಟ್ಟಿದ್ದರು. ಬೆತ್ತದಕ್ಕ ಹೋದಳು. ಕೂತ ಕುರ್ಚಿಯನ್ನು ಬೆರಳಲ್ಲಿ ಕುಟ್ಟಿ ನೋಡಿ, ಇದನ್ನು ಹೆಣೆಯುವ ಕಷ್ಟ ಯಾರಿಗೂ ಬರದು ಎಂದಳು. ಕಿವಿಗೆ ಒಂದು ಹೆಡ್‌ಫೋನ್ ಹಾಕಿದರು; ಅದರಲ್ಲಿ ಒಬ್ಬ ಆಟ ಹೇಳುತ್ತಿದ್ದ, ಪಾಪ, ಚೆನ್ನಾಗಿಯೇ ಹೇಳುತ್ತಿದ್ದ. ಆಟ ಕಿವಿಗೆ ಬಂತು, ಮೈಗೆ ಬರಲಿಲ್ಲ. ಯಾರದೋ ಮನೆಯ ಮದುವೆಯನ್ನು ಇನ್ಯಾರೋ ಬಂದು ವರ್ಣಿಸಿದ ಹಾಗಿತ್ತು. ಅವಳ ಎರಡೂ ಪಕ್ಕ ಗಾಳಿ ಮಾತ್ರ ಇತ್ತು. ಅರ್ಧಕ್ಕೇ ಎದ್ದು ಬಂದಳು, ಮತ್ತೆ ಹೋಗಲಿಲ್ಲ.

ಅವಳ ಮಗಳು ಅಪ್ಪ ಸತ್ತಾಗ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಈಗ ಮದುವೆಯಾಗಿ ಪಕ್ಕದ ಬೀದಿಯಲ್ಲಿದ್ದಾಳೆ, ಕನ್ನಡಕದ ಅಂಗಡಿಯಲ್ಲಿ ಕೆಲಸ. ಕಣ್ಣಿಲ್ಲದವಳ ಮಗಳು ಊರಿಗೆಲ್ಲ ಕಣ್ಣು ಮಾರುತ್ತಾಳೆ ಎಂದು ಊರು ತಮಾಷೆ ಮಾಡುತ್ತದೆ; ತಾಯಿ ಮಗಳಿಬ್ಬರೂ ಅದನ್ನೇ ಹೇಳಿಕೊಂಡು ನಗುತ್ತಾರೆ. ಆದರೆ ಫುಟ್‌ಬಾಲ್ ಎಂದರೆ ಮಗಳಿಗೆ ಆಗದು. ಆಟದ ದಿನ ಸ್ಟೇಡಿಯಮ್ಮಿನ ರಸ್ತೆ ಬಿಟ್ಟು ಸುತ್ತು ಬಳಸಿ ಮನೆಗೆ ಹೋಗುವಳು. ಗೆಳೆಯರ ಮನೆಯಲ್ಲಿ ಟಿವಿಯಲ್ಲಿ ಆಟ ಬಂದರೆ ಎದ್ದು ಅಡುಗೆಮನೆಗೆ ಹೋಗುವಳು. ಮಧ್ಯಾಹ್ನದ ಬಿಡುವಿನಲ್ಲಿ ದಿನಾ ಡಬ್ಬಿ ತಂದು ಅಮ್ಮನ ಕೋಣೆಯಲ್ಲಿ ಅವಳ ಜೊತೆ ಉಣ್ಣುತ್ತಾಳೆ. ಇಷ್ಟು ವರ್ಷದಲ್ಲಿ ಆ ಡಬ್ಬಿಯ ಮುಂದೆ ಆ ದಿನದ ಮಾತು ಬಂದಿರಲಿಲ್ಲ.

ಬೆತ್ತದಕ್ಕ ಮೊದಲು ಹೋದದ್ದು ಕ್ಲಬ್ಬಿನ ಕಾರ್ಯದರ್ಶಿಯ ಹತ್ತಿರ. ಕಟಿಂಗ್ ಶಾಪಿನವನು ಕರೆದೊಯ್ದ. ಕಾರ್ಯದರ್ಶಿ ಕೆಟ್ಟವನಲ್ಲ, ಎದ್ದು ಬಂದು ಕೈಹಿಡಿದು ಕೂರಿಸಿದ. ಅವಳು ವಿಷಯ ಹೇಳಿದಾಗ ಅವನಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು.

"ಅಮ್ಮಾ, ನಿಂತ್ಕೊಳ್ಳೋದು ಕೂತ್ಕೊಳ್ಳೋದು ಜನರ ಇಷ್ಟ ಅಂತ ನಾವೇ ಹೇಳಿದೀವಿ, ನಿಜ. ಆದ್ರೆ ನಿಮ್ಮ ವಿಷಯ ಬೇರೆ. ನಿಮಗೆ ಹೆಡ್‌ಫೋನ್ ಇರೋ ಕಡೆ ಮೊದಲ ಸಾಲಲ್ಲೇ ಕುರ್ಚಿ ಕೊಡಿಸ್ತೀನಿ. ಅಲ್ಲಿ ನಿಂತು ಏನಾದ್ರೂ ಬಿದ್ದುಗಿದ್ದರೆ?"

"ಬೀಳೋದಕ್ಕೂ ಕಣ್ಣಿಗೂ ಏನು ಸಂಬಂಧ ಸಾರ್? ಅವತ್ತು ಸತ್ತೋರಿಗೆಲ್ಲ ಕಣ್ಣಿತ್ತು."

ಕಾರ್ಯದರ್ಶಿ ಹೇಳಿದ, ಹಳೆಯ ಮೆಟ್ಟಿಲುಗಳ ಹಾಗಲ್ಲ ಇದು; ಪ್ರತಿ ಸಾಲಿನ ಮುಂದೂ ಸೊಂಟದೆತ್ತರ ಕಂಬಿ, ಹಿಂದೂ ಕಂಬಿ, ಒಬ್ಬೊಬ್ಬರಿಗೆ ಒಂದೊಂದು ಜಾಗ, ಬಾಗಿಲುಗಳು ಬೇಕಾದಷ್ಟು. ಹಿಂದಿನವರ ಭಾರ ಮುಂದಿನವರ ಮೇಲೆ ಬೀಳುವುದೇ ಇಲ್ಲ. ಅವನು ಧೈರ್ಯ ಹೇಳಿದ. ಅವಳಿಗೆ ಅದರಿಂದಲೇ ಅಧೈರ್ಯ ಬಂತು. ಭಾರವೇ ಬೀಳದಿದ್ದರೆ ಆಟ ತನಗೆ ತಿಳಿಯುವುದು ಹೇಗೆ? ಆದರೂ ಆ ಮಾತು ಆಡಲಿಲ್ಲ.

"ಒಂದು ಷರತ್ತು. ಪಕ್ಕದಲ್ಲಿ ನಿಮ್ಮ ಮನೆಯವರೊಬ್ಬರು ನಿಲ್ಲಬೇಕು. ಸ್ನೇಹಿತರು ಗಿರಾಕಿಗಳು ಆಗಲ್ಲ" ಎಂದ ಕಾರ್ಯದರ್ಶಿ, ಕಟಿಂಗ್ ಶಾಪಿನವನ ಕಡೆ ತಿರುಗಿ. ಅಳಿಯನದು ಪರವೂರಿನ ಕೆಲಸ; ಮನೆಯವರು ಅಂತ ಅವಳಿಗೆ ಇಲ್ಲಿದ್ದವಳು ಮಗಳೊಬ್ಬಳೇ.

ಮರುದಿನ ಮಧ್ಯಾಹ್ನ ಮಗಳು ಡಬ್ಬಿ ಬಿಚ್ಚುತ್ತಿದ್ದಂತೆಯೇ ಬೆತ್ತದಕ್ಕ ಹೇಳಿಬಿಟ್ಟಳು. ಮಗಳು ಡಬ್ಬಿಯ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

"ನಿಂಗೆ ತಲೆ ಸರಿ ಇದೆಯಾ ಅಮ್ಮ? ಇರುಳು ಕಂಡ ಬಾವೀಲಿ ಹಗಲು ಹೋಗಿ ಬೀಳ್ತೀನಿ ಅಂತೀಯಲ್ಲ. ಅಪ್ಪನ್ನ ತಿಂದ ಜಾಗ ಅದು."

"ಜಾಗ ತಿನ್ನಲಿಲ್ಲ ಕಣೇ. ಜಾಗಕ್ಕೆ ಬಾಯಿರಲ್ಲ."

"ಕೂತ್ಕೊಂಡು ಕೇಳು. ರೇಡಿಯೋದಲ್ಲಿ ಕೇಳು. ನಿಂತೇ ಆಗಬೇಕು ಅಂತ ಯಾವ ಹರಕೆ?"

ಬೆತ್ತದಕ್ಕ ಮೊಣಕಾಲ ನಡುವಿದ್ದ ಕುರ್ಚಿಯನ್ನು ಪಕ್ಕಕ್ಕಿಟ್ಟಳು. ಕೆಲಸ ಹಿಡಿದ ಕೈಯಲ್ಲಿ ಇದನ್ನು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಬೆನ್ನಿಗೆ ಭಾರ ಬಂದದ್ದು, ತಾನು ಕೂಗಿದ್ದು, ನೂಕಿದ್ದು, ಅವನು ತಳ್ಬೇಡ್ವೇ ಎಂದದ್ದು, ತಾನು ನಕ್ಕು ಮತ್ತೆ ನೂಕಿದ್ದು, ಎಲ್ಲವನ್ನೂ ಹೇಳಿದಳು. ಹೊರಗೆ ಗೋದಾಮಿನ ಕೂಲಿಗಳು ಮೂಟೆ ಇಳಿಸುತ್ತಿದ್ದರು. ಅವರಲ್ಲಿ ಯಾರೋ ಏನಕ್ಕೋ ಗಟ್ಟಿಯಾಗಿ ನಕ್ಕರು.

"ಈಗ ನಕ್ಕರಲ್ಲ, ಕೇಳಿಸ್ತಾ? ಯಾರಾದ್ರೂ ಜೋರಾಗಿ ನಕ್ಕರೆ ನಂಗೆ ಅಲ್ಲೇ ಯಾರೋ ಸಾಯ್ತಿದಾರೆ ಅನ್ಸುತ್ತೆ. ನಿನ್ನ ಮದುವೇಲೂ ಅನ್ನಿಸ್ತು. ನಾನು ಖುಷಿಯಾಗಿ ಕೂಗಿದ್ದು ಅದೇ ಕಡೇ ಸಲ. ಇನ್ನೊಂದು ಸಲ ಅಲ್ಲಿ ನಿಂತು, ಕೂಗಬೇಕಾದಾಗ ಕೂಗಿ ಬರಬೇಕು ಕಣೇ. ಆಗದಿದ್ರೆ ಇಲ್ಲ. ಆಗುತ್ತೋ ಇಲ್ವೋ ಗೊತ್ತಾಗದೆ ಸಾಯೋಕೆ ನಂಗಿಷ್ಟ ಇಲ್ಲ."

ಮಗಳು ಅಮ್ಮನನ್ನು ತಬ್ಬಿಕೊಳ್ಳಲಿಲ್ಲ. ಕಥೆಗಳಲ್ಲಿ ತಬ್ಬಿಕೊಳ್ಳುತ್ತಾರೆ. ಇವಳು, "ಇದನ್ನ ನಂಗೆ ಹೇಳಬಾರದಿತ್ತು ನೀನು" ಎಂದಳು. ಉಣ್ಣದ ಡಬ್ಬಿಯನ್ನು ಅಲ್ಲೇ ಬಿಟ್ಟು ಅಂಗಡಿಗೆ ಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಬೆತ್ತದಕ್ಕ ಬೇಗ ಬೇಗ ಹೆಣೆಯುತ್ತಾ ಸೀಳುಗಳನ್ನು ತುಂಡು ಮಾಡಿಕೊಂಡಳು. ಗಂಡನ ಜೊತೆ ಮಗಳನ್ನೂ ಕಳಕೊಂಡೆನಾ ಎಂಬ ಹೆದರಿಕೆಯಲ್ಲಿ ಊಟ ಸೇರಲಿಲ್ಲ. ಹೇಳದೆ ಇದ್ದಿದ್ದರೆ ಮಗಳಾದರೂ ಉಳಿಯುತ್ತಿದ್ದಳು ಎಂದು ತನ್ನನ್ನು ತಾನೇ ಬೈದುಕೊಂಡಳು.

ಹೊಸ ಗ್ಯಾಲರಿಯ ಮೊದಲ ಆಟದ ದಿನ ಮಧ್ಯಾಹ್ನ ಬಾಗಿಲಲ್ಲಿ ಮಗಳ ಹೆಜ್ಜೆ ಕೇಳಿಸಿತು.

"ಚಪ್ಪಲಿ ಬೇಡ, ಶೂ ಹಾಕ್ಕೋ. ಮತ್ತೆ ಇನ್ನೊಂದು ಮಾತು. ನಾನು ನಿಲ್ತೀನಿ, ನೋಡಲ್ಲ. ಕಣ್ಣು ಮುಚ್ಕೊಂಡೇ ನಿಲ್ತೀನಿ. ಆಟ ಹೇಳು ಅಂತ ನನ್ನ ಕೇಳಬೇಡ."

"ಕೇಳಲ್ಲ."

ಇಬ್ಬರೂ ಹೊರಟರು. ಹಳೆಯ ಗ್ಯಾಲರಿಯ ಬಾಗಿಲು ಈಗ ಅಗಲವಾಗಿತ್ತು. ನಡೆಯುವಾಗ ಯಾರ ಮೈಯೂ ತಾಗಲಿಲ್ಲ. ಕಾವಲಿನವನು ಅವರ ಸಾಲು ತೋರಿಸಿದ. ಬೆತ್ತದಕ್ಕ ಮುಂದಿನ ಕಂಬಿ ಮುಟ್ಟಿದಳು, ಹಿಂದಿನ ಕಂಬಿ ಮುಟ್ಟಿದಳು, ಪಾದದಿಂದ ಮೆಟ್ಟಿಲ ಅಂಚು ಸವರಿದಳು. ಜನ ತುಂಬಿದರು. ಅವಳ ಎಡಕ್ಕೆ ಯಾರೋ ಎತ್ತರದ ಹುಡುಗಿ, ಉಸಿರು ಮೇಲಿನಿಂದ ಬರುತ್ತಿತ್ತು. ಬಲಕ್ಕೆ ಮಗಳು. ಮಗಳ ತೋಳು ಕಟ್ಟಿಗೆಯ ಹಾಗೆ ಬಿಗಿದಿತ್ತು.

ಆಟ ಶುರುವಾಯಿತು. ಬೆತ್ತದಕ್ಕ ಕಾದಳು. ಸೀಟಿ, ಹಾಡು, ಬೈಗುಳ ಎಲ್ಲ ಕೇಳಿಸಿತು, ಆದರೆ ಬೆನ್ನಿಗೆ ಏನೂ ಬರಲಿಲ್ಲ. ಕಾರ್ಯದರ್ಶಿ ಹೇಳಿದ್ದು ನಿಜ, ಹಿಂದಿನವರ ಭಾರವನ್ನು ಕಂಬಿಯೇ ಹೊತ್ತುಕೊಳ್ಳುತ್ತಿತ್ತು. ಚೆಂಡು ಎಲ್ಲಿದೆ, ಯಾರ ಕಾಲಲ್ಲಿದೆ, ಒಂದೂ ತಿಳಿಯಲಿಲ್ಲ. ಒಳ್ಳೆಯದೇ ಆಯಿತು, ಯಾರೂ ಸಾಯುವುದಿಲ್ಲ ಎಂದುಕೊಂಡಳು. ಹಾಗೆಂದುಕೊಂಡರೂ ಬೆನ್ನು ಆ ಭಾರಕ್ಕೆ ಕಾಯುತ್ತಲೇ ಇತ್ತು. ಹಾಫ್‌ಟೈಮಿನಲ್ಲಿ ಮಗಳು ಮೆಲ್ಲಗೆ, "ಮನೆಗೆ ಹೋಗೋಣ್ವಾ?" ಎಂದಳು. ಬೆತ್ತದಕ್ಕ ಹೂಂ ಎನ್ನಬೇಕೆಂದಿದ್ದಳು. ಅಷ್ಟರಲ್ಲಿ ಎಡಗಡೆಯ ಹುಡುಗಿ, "ಏನಜ್ಜಿ, ಈಗಲೇ ಹೊರಟ್ರಾ? ಇನ್ನರ್ಧ ನಮ್ಮವರು ಈ ಗೋಲಿಗೇ ಹೊಡೆಯೋದು" ಎಂದು ಅವಳ ತೋಳು ತಟ್ಟಿದಳು. ಸುಮ್ಮನೆ, ಯಾವ ಅನುಕಂಪವೂ ಇಲ್ಲದೆ ತಟ್ಟಿದಳು. ಬೆತ್ತದಕ್ಕ ಮತ್ತೆ ಕಂಬಿ ಹಿಡಿದಳು.

ಆಟ ಮುಗಿಯುತ್ತಾ ಬಂದಾಗ ಅದು ಬಂತು. ಹಿಂದಿನಿಂದಲ್ಲ, ಪಕ್ಕದಿಂದ. ಸಾಲಿನ ಆ ತುದಿಯವರು ಯಾರೋ ಬಗ್ಗಿದರು, ಅವರ ಪಕ್ಕದವರು ಬಗ್ಗಿದರು, ಹಾಗೇ ಒಬ್ಬರಿಂದ ಒಬ್ಬರಿಗೆ ಬಂದು ಎತ್ತರದ ಹುಡುಗಿಯ ಭುಜ ಬೆತ್ತದಕ್ಕನ ಭುಜಕ್ಕೆ ಒತ್ತಿತು. ಸುತ್ತಲಿನ ಉಸಿರು ನಿಂತಿತು.

ಇದು ಚೆಂಡೋ ಸಾವೋ? ಎರಡಕ್ಕೂ ಇದೇ ಭಾರ, ಇದೇ ನಿಂತ ಉಸಿರು. ಇಷ್ಟು ವರ್ಷ ನಂಬಿದ ತನ್ನ ಮೈಯನ್ನು ಅವಳು ಈಗ ನಂಬಲಾರಳು. ಕಂಬಿ ಬಿಟ್ಟು ಮಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಯಾರು ಬಿದ್ರು? ನೋಡೇ! ಯಾರು ಬಿದ್ರು ನೋಡೇ!"

ಗ್ಯಾಲರಿ ಎಂಬ ಗ್ಯಾಲರಿಯೇ ಭೋರೆಂದಿತು. ಕಾಲಡಿಯ ಕಾಂಕ್ರೀಟು ನಡುಗಿತು. ಆ ಗದ್ದಲದಲ್ಲಿ ಬೆತ್ತದಕ್ಕನಿಗೆ ಮಗಳ ದನಿ ಕೇಳಿಸಲಿಲ್ಲ. ಮಗಳ ಮೈ ಮಾತ್ರ ತಿಳಿಯಿತು. ಅದು ಒಂದು ಕಡೆ ತಿರುಗಿತು, ಇನ್ನೊಂದು ಕಡೆ ತಿರುಗಿತು, ಮುಂದಕ್ಕೆ ಬಗ್ಗಿ ಕೆಳಗಿನ ಸಾಲುಗಳನ್ನು ನೋಡಿತು, ಹಿಂದಕ್ಕೆ ಹೊರಳಿ ಮೇಲಿನ ಸಾಲುಗಳನ್ನು ನೋಡಿತು. ಕಣ್ಣು ಮುಚ್ಚಿ ನಿಲ್ಲುತ್ತೇನೆ ಎಂದಿದ್ದವಳು ಕಣ್ಣರಳಿಸಿ ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಅವಸರ ಮಾಡಲಿಲ್ಲ. ಆಮೇಲೆ ಅಮ್ಮನ ಕಿವಿಗೆ ಬಾಯಿಟ್ಟು ಹೇಳಿದಳು.

"ಎಲ್ಲರೂ ನಿಂತಿದಾರಮ್ಮ."

"ಎಲ್ಲರೂ?"

"ಎಲ್ಲರೂ. ಕೆಳಗಿನವರು, ಮೇಲಿನವರು, ಎಲ್ಲರೂ ನಿಂತಿದಾರೆ. ಕುಣೀತಿದಾರೆ. ಗೋಲಾಯ್ತು."

ಅಷ್ಟು ಹೊತ್ತಿಗೆ ಕೂಗು ಇಳಿದುಹೋಗಿತ್ತು. ಚೆಂಡನ್ನು ಮತ್ತೆ ನಡುಮಧ್ಯಕ್ಕೆ ತಂದಿಟ್ಟಿರಬೇಕು. ರೆಫ್ರಿ ಸೀಟಿ ಊದಿದ. ಜನ ಬೆವರೊರೆಸಿಕೊಳ್ಳುತ್ತಿದ್ದರು, ನೀರು ಕುಡಿಯುತ್ತಿದ್ದರು. ಆಗ ಬೆತ್ತದಕ್ಕ ಕೂಗಿದಳು. ಹೊಟ್ಟೆಯಾಳದಿಂದ, ಒಬ್ಬಳೇ, ಉಸಿರು ಇರುವಷ್ಟು ಹೊತ್ತು ಕೂಗಿದಳು. ಕೆಳಗಿನ ಸಾಲಿನವರು ತಿರುಗಿ ನೋಡಿ ನಕ್ಕರು. "ಅಜ್ಜಿಗೆ ಈಗ ಗೋಲಾಯ್ತು" ಎಂದ ಯಾರೋ. ಆ ನಗು ಅವಳಿಗೆ ಕೇಳಿಸಿತು, ಬರೀ ನಗುವಾಗಿಯೇ ಕೇಳಿಸಿತು.

ಮಗಳು ಅಳುತ್ತಿದ್ದಳು. ಆಟ ಮುಗಿಯುವವರೆಗೂ ಇಬ್ಬರೂ ಕೈ ಬಿಡದೆ ನಿಂತಿದ್ದರು.